ಹಳೇ ಇಳಕಲ್ ಸೀರೆ, ಗುಜರಿ ಪೈಪು, ತಂಗಿಯ ಲಗ್ನದ ಸ್ಟೇಜು

ಬಾಗಲಕೋಟೆಯ ನವನಗರದಲ್ಲಿ ನಾವು ಹಿಡಿದ ಸಮುದಾಯ ಭವನದ ಸ್ಟೇಜಿನ ಹಿಂದಿನ ಗೋಡೆ 20 ಅಡಿ ಅಗಲ, 10 ಅಡಿ ಎತ್ತರ. ತೆಳು ಹಸಿರು ಡಿಸ್ಟೆಂಪರ್, ನಟ್ಟನಡುವೆ ಒಂದು ಸ್ವಿಚ್ ಬೋರ್ಡು, ಅದರ ಸುತ್ತ ಹಿಂದಿನ ಯಾರದೋ ಕಾರ್ಯಕ್ರಮದ ಸೆಲೋಟೇಪು. ಇದನ್ನು ಮುಚ್ಚಿ, ಮುಂದೆ ಮಹಾರಾಜಾ ಕುರ್ಚಿ ಎರಡು ಇಟ್ಟು, ಬಾಗಿಲಿಗೆ ತೋರಣ ಕಟ್ಟಿಕೊಡಲು ಡೆಕೋರೇಶನ್‌ದವರು ಹೇಳಿದ ರೇಟು 42,000 ರೂಪಾಯಿ. ಫೋಟೋ ತೋರಿಸಿದರು. ಅರ್ಧ ಥರ್ಮಾಕೋಲು, ಅರ್ಧ ಪ್ಲಾಸ್ಟಿಕ್ ಹೂವು.

ಅವ್ವ ಫೋಟೋ ನೋಡಿ ಒಂದೇ ಮಾತು ಕೇಳಿದಳು: "ಲಗ್ನ ಮುಗದ ಮ್ಯಾಲ ಇದು ಏನಾಗತೈತಿ?"

ಏನೂ ಆಗುವುದಿಲ್ಲ, ಮರುದಿನ ಅವರೇ ಬಿಚ್ಚಿಕೊಂಡು ಹೋಗುತ್ತಾರೆ. ಅಲ್ಲಿಂದ ಮುಂದೆ ಪಟ್ಟಿಯಲ್ಲಿದ್ದ ಪ್ರತಿ ಸಾಮಾನಿಗೂ ನಾವು ಇದೇ ಪ್ರಶ್ನೆ ಹಾಕಿದೆವು. ಲಗ್ನದ ನಂತರ ಮನೆಯಲ್ಲಿ ಕೆಲಸಕ್ಕೆ ಬರುವಂಥದ್ದಾದರೆ ಹಳೆಯದನ್ನು ಹುಡುಕಿ ತಂದು ರಿಪೇರಿ ಮಾಡುವುದು. ಬರದಿದ್ದರೆ ಬಾಡಿಗೆ. ಬಾಡಿಗೆಗೂ ಯೋಗ್ಯವಲ್ಲ ಅನ್ನಿಸಿದ್ದನ್ನು ಬಿಟ್ಟುಬಿಡುವುದು. ಐನೂರು ಮಂದಿಗೆ ಅಡುಗೆ ಮಾಡುವ ಪಾತ್ರೆ, ತಾಟು, ಪ್ಲಾಸ್ಟಿಕ್ ಕುರ್ಚಿ ಎಲ್ಲವೂ ಸಪ್ಲಾಯರ್ಸ್‌ನಿಂದಲೇ ಬಂದವು; ಅದರಲ್ಲಿ ಕೈಚಳಕ ತೋರಿಸಲು ಹೋದರೆ ದುಡ್ಡೂ ಉಳಿಯದು, ನಿದ್ದೆಯೂ ಇರದು. ಲಗ್ನಪತ್ರಿಕೆಯನ್ನು ಹಿರಿಯರಿಗೆ ಕುಂಕುಮ ಹಚ್ಚಿ ಕೊಡಲು ಬೇಕಾದಷ್ಟೇ ಅಚ್ಚು ಹಾಕಿಸಿದೆವು, ಉಳಿದವರಿಗೆ ಮೊಬೈಲು. ರಿಸೆಪ್ಶನ್ನಿನ ಲೆಹಂಗಾ ಬೇಡವೆಂದು ತಂಗಿಯೇ ಹೇಳಿದಳು. ಅದರ ಬದಲು ಅಕ್ಕಿಕಾಳಿನ ಹೊತ್ತಿಗೆ ಉಡಲು ಇಳಕಲ್ಲಿನ ನೇಕಾರರ ಮನೆಯಿಂದಲೇ ಹೊಸ ಗಿರಿಕುಂಕುಮ ಸೀರೆ ತಂದೆವು. ಇಡೀ ಲಗ್ನದಲ್ಲಿ ಹಟ ಹಿಡಿದು ಹೊಸದೇ ಕೊಂಡದ್ದು ಅದೊಂದು. ಪಂಚಮಿಗೂ ಉಡುತ್ತಾಳೆ, ದೀಪಾವಳಿಗೂ ಉಡುತ್ತಾಳೆ, ಅವ್ವನ ಪ್ರಶ್ನೆಗೆ ಅದರ ಬಳಿ ಉತ್ತರವಿದೆ.

ನನ್ನ ಕಸುಬು ನಳ ಜೋಡಿಸುವುದು. ಹೆಂಡತಿಗೆ ಹೊಲಿಗೆ ಮಶೀನಿದೆ. ಕೆಳಗಿನದೆಲ್ಲ ಈ ಎರಡು ಕೈಗುಣ ಇದ್ದವರ ಮನೆಯ ಲೆಕ್ಕ. ನಿಮ್ಮ ಮನೆಯಲ್ಲಿ ಬಡಿಗತನ ಬಲ್ಲವರಿದ್ದರೆ ಕಟ್ಟಿಗೆಯಲ್ಲೇ ಮಾಡಿ, ಪೈಪಿನ ಗೊಡವೆಗೆ ಬರಬೇಡಿ.

ಪೈಪಿನ ಚೌಕಟ್ಟು

ಈ ಊರಿನಲ್ಲಿ ಹಳೇ ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ್ದು) ಕಿತ್ತು ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಹಾಕುವ ಕೆಲಸ ನನಗೆ ವರ್ಷವಿಡೀ ಇರುತ್ತದೆ. ಬೋರಿನ ಗಡಸು ನೀರು ಹರಿದೂ ಹರಿದೂ ಪೈಪಿನ ಒಳಗೆ ಸುಣ್ಣದ ಪದರು ಕಟ್ಟುತ್ತದೆ. ಒಂದು ಇಂಚಿನ ಪೈಪಿನಲ್ಲಿ ಕಡೆಗೆ ಪೆನ್ಸಿಲ್ ತೂರುವಷ್ಟು ದಾರಿ ಉಳಿದದ್ದನ್ನೂ ನೋಡಿದ್ದೇನೆ. ನೀರಿಗೆ ಅದು ಸತ್ತಂತೆ. ಭಾರ ಹೊರಲು ಮಾತ್ರ ಇನ್ನೂ ಗಟ್ಟಿ. ಹೀಗೆ ಕಿತ್ತ ಪೈಪು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಅಲ್ಲಿಂದಲೇ ಆರಿಸಿ ತಂದೆ, ಕೆಜಿಗೆ 45 ರೂಪಾಯಿಯಂತೆ.

ಆರಿಸುವಾಗ ನೋಡಬೇಕಾದ್ದು ಎರಡು. ಪೈಪು ಹೊಸದಿದ್ದಾಗ ಅದರ ಮೇಲೆ ಬಣ್ಣದ ಪಟ್ಟೆ ಇರುತ್ತದೆ: ಹಳದಿಯಾದರೆ ತೆಳು ದರ್ಜೆ, ನೀಲಿಯಾದರೆ ಮಧ್ಯಮ, ಕೆಂಪಾದರೆ ದಪ್ಪ. ಹಳೆಯದರಲ್ಲಿ ಪಟ್ಟೆ ಅಳಿಸಿಹೋಗಿರುತ್ತದೆ, ಕತ್ತರಿಸಿದ ಬಾಯಿಯ ದಪ್ಪ ನೋಡಿಯೇ ಹೇಳಬೇಕು. ಇನ್ನೊಂದು ತ್ರೆಡ್ಡಿನ, ಅಂದರೆ ತಿರುಪಿನ ಗೆರೆ ಕೊಯ್ದ ಜಾಗ. ತ್ರೆಡ್ ಕೊಯ್ದಲ್ಲಿ ಲೋಹ ತೆಳುವಾಗಿ ಸತುವಿನ ಲೇಪವೂ ಹೋಗಿರುವುದರಿಂದ ತುಕ್ಕು ಮೊದಲು ಹಿಡಿಯುವುದು ಅಲ್ಲೇ. ಹಳೇ ತ್ರೆಡ್ಡನ್ನು ನಂಬದೆ, ಎರಡೂ ತುದಿಯಲ್ಲಿ ನಾಲ್ಕು ಬೆರಳು ಕತ್ತರಿಸಿ ಒಗೆದು ಡೈ ಹಾಕಿ ಹೊಸ ತ್ರೆಡ್ ಹೊಡೆದೆ.

ಮೇಲಿನ ಅಡ್ಡ ಪೈಪು 20 ಅಡಿ ಬೇಕು. ಜಿಐ ಪೈಪಿನ ಒಂದು ಲೆಂಗ್ತೇ 6 ಮೀಟರು, ಅಂದರೆ ಹೆಚ್ಚುಕಡಿಮೆ ಅಷ್ಟೇ. ಆದರೆ ಅಷ್ಟುದ್ದದ್ದನ್ನು ಟಂಟಂ ಗಾಡಿಯಲ್ಲಿ ಒಯ್ಯುವುದು ಹೇಗೆ? 10 ಅಡಿಯ ಎರಡು ತುಂಡು ಮಾಡಿದೆ. 9 ಅಡಿಯ ಕಂಬಗಳು ಮೂರು, ಎರಡು ತುದಿಗೆ ಮೂಲೆ ತಿರುಗಿಸುವ ಎಲ್ಬೋ, ನಡುವೆ ಮೂರು ಪೈಪು ಕೂಡಿಸುವ ಟೀ. ಎಲ್ಲ ಸೇರಿ 47 ಅಡಿ, ತೂಕ ಸುಮಾರು 35 ಕೆಜಿ.

ಇಲ್ಲಿ ನಳದವರಿಗೆ ಗೊತ್ತಿದ್ದು ಮನೆಯಲ್ಲಿ ಮಾಡಿಕೊಳ್ಳುವವರಿಗೆ ಹೊಳೆಯದ ಒಂದು ತೊಡಕಿದೆ. ತ್ರೆಡ್ಡಿನ ಜೋಡಣೆ ಬಿಗಿಯಾಗುವುದು ತಿರುಗಿಸುವುದರಿಂದ. ಎಲ್ಬೋ ಬಿಗಿಯಾಗಿ ನಿಂತಾಗ ಅದರ ಬಾಯಿ ಯಾವ ಕಡೆ ಇರುತ್ತದೋ ಆ ಕಡೆಗೇ ಕಂಬ ನಿಲ್ಲುವುದು. ಮೂರೂ ಬಾಯಿ ನೇರ ಕೆಳಗೆ ನೋಡಬೇಕೆಂದರೆ ಒಂದನ್ನು ಬಿಗಿ ಮಾಡುವಾಗ ಇನ್ನೊಂದು ಸಡಿಲಾಗುತ್ತದೆ. ಇದಕ್ಕೆ ಮದ್ದು ಯೂನಿಯನ್. ನಡುವಿನ ಟೀ ಪಕ್ಕದಲ್ಲೊಂದು ಯೂನಿಯನ್ ಹಾಕಿದರೆ ಚೌಕಟ್ಟು ಎರಡು ಭಾಗವಾಗುತ್ತದೆ. ಎರಡನ್ನೂ ಬೇರೆ ಬೇರೆ ಸರಿಮಾಡಿ, ಎದುರುಬದುರು ಹಿಡಿದು, ಯೂನಿಯನ್ನಿನ ನಟ್ಟು ಮಾತ್ರ ತಿರುಗಿಸಿದರೆ ಮುಗಿಯಿತು. ಬಿಚ್ಚುವಾಗಲೂ ಅದೊಂದನ್ನೇ ಬಿಚ್ಚುವುದು. ನೀರು ಸೋರುವ ಭಯವಿಲ್ಲದ್ದರಿಂದ ಟೆಫ್ಲಾನ್ ಟೇಪು, ಸಣಬು ಏನೂ ಬೇಡ. ಒಂದು ಹನಿ ಎಣ್ಣೆ ಸಾಕು, ಬಿಚ್ಚಲು ಹಗುರ.

ಭವನದ ನೆಲ ಗ್ರಾನೈಟು, ಗುಂಡಿ ತೋಡುವಂತಿಲ್ಲ. ಬಣ್ಣ ಬಳಿಯುವವರಿಂದ 20 ಲೀಟರಿನ ಖಾಲಿ ಪೇಂಟ್ ಬಕೆಟ್ ಮೂರು ಪುಕ್ಕಟೆ ಸಿಕ್ಕವು. ಪ್ರತಿಯೊಂದರ ನಡುವೆ ಒಂದೂಕಾಲು ಇಂಚಿನ ಪೈಪಿನ ತುಂಡು ನೆಟ್ಟಗೆ ನಿಲ್ಲಿಸಿ, ತಳದಲ್ಲಿ ಒಂದು ಗೇಣು ಕಾಂಕ್ರೀಟು ಹಾಕಿದೆ. ಒಂದು ಇಂಚಿನ ಪೈಪು ಈ ತುಂಡಿನೊಳಗೆ ಸಲೀಸಾಗಿ ಇಳಿಯುತ್ತದೆ. ಅಲುಗುವಷ್ಟು ಸಂದಿನಲ್ಲಿ ಬಿದಿರಿನ ಚಕ್ಕೆ ಬಡಿದರೆ ಗಟ್ಟಿ. ಬಕೆಟ್ಟಿನ ಉಳಿದ ಭಾಗಕ್ಕೆ ಉಸುಕು, ಅದನ್ನು ಭವನ ಮುಟ್ಟಿದ ಮೇಲೆ ತುಂಬುವುದು. ಪೂರ್ತಿ ಕಾಂಕ್ರೀಟು ತುಂಬಿದರೆ ಒಂದೊಂದು 45 ಕೆಜಿ ದಾಟುತ್ತದೆ, ಎತ್ತಿ ಒಯ್ಯುವವರ ಸೊಂಟ ಹೋಗುತ್ತದೆ. ಇಷ್ಟಾದರೂ ಎರಡು ತುದಿಯ ಕಂಬಗಳನ್ನು ಕಿಟಕಿಯ ಸರಳಿಗೆ ಬೈಂಡಿಂಗ್ ತಂತಿಯಿಂದ ಕಟ್ಟಿದ್ದೆ. ಲಗ್ನದ ಸ್ಟೇಜಿನ ಮೇಲೆ ಹುಡುಗರು ಓಡಾಡುತ್ತಾರೆ, ಫೋಟೋಕ್ಕೆ ನಿಂತವರು ಹಿಂದೆ ಒರಗುತ್ತಾರೆ. ಭಾರವನ್ನಷ್ಟೇ ನಂಬಿಕೊಂಡು ಕೂಡುವುದು ಬೇಡ.

ಸೀರೆ

ಪರದೆಗೆ ಹಳೇ ಇಳಕಲ್ ಸೀರೆ ಎಂದು ನಿಶ್ಚಯವಾದದ್ದು ಹೆಂಡತಿಯಿಂದ. ನಮ್ಮ ಕಡೆ ಹಳೇ ಬಟ್ಟೆ ತಗೊಂಡು ಸ್ಟೀಲಿನ ಭಾಂಡೆ ಕೊಡುವ ಹೆಂಗಸರು ಓಣಿ ಓಣಿ ತಿರುಗುತ್ತಾರಲ್ಲ, ಅವರ ಗಂಟಿನಲ್ಲಿ ಒಳ್ಳೇ ಮಾಲು ಇರುತ್ತದೆ. ಒಂದು ಬೋಗುಣಿಗೆ ನಾಲ್ಕು ಸೀರೆ ಕೊಟ್ಟವರ ಮನೆಯಲ್ಲಿ ಅವು ಮಡಿಕೆ ಬಿಚ್ಚದೆ ವರ್ಷಗಟ್ಟಲೆ ಇದ್ದವು. ಭಾಂಡೆಯ ಹೆಂಗಸರು ಮುಂದಿನ ವ್ಯಾಪಾರಿಗೆ ಗಂಟು ಹಾಕುವ ಮೊದಲೇ ನಾವು ಕೇಳಿ ಕೊಂಡೆವು. ಉಳಿದವು ಹುನಗುಂದದ ಚಿಗವ್ವ, ಗುಳೇದಗುಡ್ಡದ ಸೋದರತ್ತಿಯರ ಸಂದೂಕದಿಂದ. "ನಾ ಸತ್ತರ ಹೊಚ್ಚಾಕ ಇಟ್ಟಿದ್ನಿ, ತಗೋ, ಲಗ್ನಕ್ಕ ಆಗಲಿ" ಅಂದಳು ಸೋದರತ್ತಿ ನಗುತ್ತ. ಹಳೇ ಸೀರೆ ಕೇಳಿದರೆ ಮಂದಿ ಅವಮಾನ ಅಂದುಕೊಳ್ಳುತ್ತಾರೆಂಬ ಅಂಜಿಕೆ ನಮಗಿತ್ತು. ಉಲ್ಟಾ ಆಯಿತು, ಯಾರ ಸೀರೆ ಎಲ್ಲಿ ನೇತುಬಿದ್ದಿದೆ ಎಂದು ಸ್ಟೇಜಿಗೆ ಬಂದು ಹುಡುಕಿದರು.

ಇಳಕಲ್ ಸೀರೆಯ ಮೈ ಹೆಚ್ಚಾಗಿ ಹತ್ತಿ, ಸೆರಗು ರೇಷ್ಮೆ ಅಥವಾ ಆರ್ಟ್ ಸಿಲ್ಕು. ಮೈಯ ಹಾಸು ಎಳೆಗಳಿಗೆ (ಉದ್ದಕ್ಕೆ ಓಡುವವು) ಸೆರಗಿನ ಹಾಸು ಎಳೆಗಳನ್ನು ಮಗ್ಗದ ಮೇಲೆಯೇ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೇ ತೋಪು ತೆನಿ ಎನ್ನುವುದು. ಈ ಕೂಡುವ ಗೆರೆ ಸೀರೆಗೆ ಎಷ್ಟು ಚೆಂದವೋ ಹಳೇ ಸೀರೆ ಬಳಸುವವನಿಗೆ ಅಷ್ಟೇ ತಲೆನೋವು. ನೀರು ಬಿದ್ದಾಗ ಹತ್ತಿ ಕುಗ್ಗುತ್ತದೆ, ರೇಷ್ಮೆ ಅಷ್ಟು ಕುಗ್ಗುವುದಿಲ್ಲ. ಗೆರೆಯಲ್ಲಿ ಸುಕ್ಕು ನಿಲ್ಲುತ್ತದೆ. ನೇತುಹಾಕಿದಾಗ ಆ ಸುಕ್ಕು ದೂರದಿಂದಲೂ ಕಾಣುತ್ತದೆ. ಹೀಗಾಗಿ ಉದ್ದ ಪರದೆಗೆ ಬರೀ ಮೈ, ಸೆರಗುಗಳು ಬೇರೆ.

ಹಿಡಿಯುವುದನ್ನು ಬಿಡುವುದನ್ನು ತೀರ್ಮಾನಿಸಿದ್ದು ಬಿಸಿಲಿಗೆ ಹಿಡಿದು. ಬೆಳಕು ಚುಕ್ಕೆ ಚುಕ್ಕೆಯಾಗಿ ತೂರಿದ ಕಡೆ ಎರಡು ಹೆಬ್ಬೆರಳಿಂದ ಮೆಲ್ಲಗೆ ಎಳೆದರೆ ಎಳೆ ಸರಿಯುತ್ತದೆ ಅಥವಾ ಚರ್ರೆಂದು ಹರಿಯುತ್ತದೆ. ಸರಿದರೆ ಅಡ್ಡಿಯಿಲ್ಲ, ಹರಿದರೆ ಆ ಭಾಗ ಕೌದಿಯ ಹೊಟ್ಟೆಗೆ. ಸೀರೆ ಸವೆಯುವುದು ಮಡಿಕೆಯ ಗೆರೆಯಲ್ಲಿ ಮತ್ತು ಹಿಮ್ಮಡಿಗೆ ತಾಗುವ ಅಂಚಿನಲ್ಲಿ. ಮೇಲಿನ ದಡಿ ಮಾತ್ರ ಸಾಮಾನ್ಯವಾಗಿ ಹೊಸತರಂತೆಯೇ ಇರುತ್ತದೆ.

ಬಣ್ಣದ ಪರೀಕ್ಷೆ ಬಿಡಬಾರದು. ಒದ್ದೆ ಮಾಡಿದ ಬಿಳೀ ಬಟ್ಟೆಯನ್ನು ಸೆರಗಿನ ಒಳಮೈಗೆ ಉಜ್ಜಿ ನೋಡುವುದು. ಕೆಂಪು ಹತ್ತಿದರೆ ಆ ಸೀರೆಗೆ ನೀರು ತೋರಿಸದೆ ನೆರಳಲ್ಲಿ ಗಾಳಿಗೆ ಹಾಕುವುದಷ್ಟೇ. ಹತ್ತದಿದ್ದರೆ ಅಂಟುವಾಳದ ನೀರಲ್ಲಿ ಅದ್ದಿ, ಹಿಂಡದೆ ತೂಗುಹಾಕುವುದು. ಡಾಂಬರ್ ಗುಳಿಗೆಯ ವಾಸನೆ ಹೋಗಲು ಬೇವಿನ ಸೊಪ್ಪಿಗಿಂತ ಹಗಲಿಡೀ ಬೀಸುವ ಗಾಳಿಯೇ ಮೇಲು.

ಇನ್ನು ಲೆಕ್ಕ. ಬಟ್ಟೆ ನೆಟ್ಟಗೆ ಚಾಪೆಯಂತೆ ನಿಂತರೆ ಬಡಕಲು ಕಾಣುತ್ತದೆ, ನಿರಿ ಬೀಳಬೇಕಾದರೆ ಅಗಲದ ಒಂದೂವರೆ ಪಟ್ಟು ಬಟ್ಟೆ ಬೇಕು. 20 ಅಡಿ ಅಂದರೆ 240 ಇಂಚು, ಒಂದೂವರೆ ಪಟ್ಟು 360. ಸೀರೆಯ ಅಗಲ ಸುಮಾರು 46 ಇಂಚು. ಎಂಟು ಪಟ್ಟಿ ಆಯಿತು. ಒಂದೊಂದು ಪಟ್ಟಿ ಮೇಲೆ ಕೆಳಗೆ ಮಡಿಕೆ ಸೇರಿ 3 ಮೀಟರು. ಆರು ಗಜದ ಸೀರೆಯಲ್ಲಿ ಒಂದೇ ಪಟ್ಟಿ ಬರುತ್ತದೆ, ಒಂಬತ್ತು ಗಜದ್ದರಲ್ಲಿ ಎರಡು. ಮುದುಕಿಯರ ಸಂದೂಕಕ್ಕೆ ಕೈ ಹಾಕಿದ್ದರ ಲಾಭ ಇಲ್ಲಿ.

ಹೊಲಿಗೆಗೆ ಹೆಂಡತಿ ಮಶೀನು ಮುಟ್ಟಲಿಲ್ಲ. ಹಳೇ ಬಟ್ಟೆಯ ಮೇಲೆ ಮಶೀನಿನ ಸೂಜಿ ಒತ್ತೊತ್ತಾಗಿ ತೂತು ಹೊಡೆಯುತ್ತದೆ, ಭಾರ ಬಿದ್ದಾಗ ಬಟ್ಟೆ ಅಂಚೆಚೀಟಿಯ ಹಾಗೆ ಆ ಗೆರೆಗೇ ಕಿತ್ತು ಬರುತ್ತದೆ. ಕೈಯಿಂದ ಉದ್ದುದ್ದ ಟಾಕಿ ಹಾಕಿದಳು, ಹತ್ತಿಯ ದಾರದಲ್ಲೇ. ನೈಲಾನ್ ದಾರ ಬಟ್ಟೆಗಿಂತ ಗಟ್ಟಿ, ಬಟ್ಟೆಯನ್ನೇ ಕೊಯ್ಯುತ್ತದೆ. ಮೇಲೆ ನಾಲ್ಕು ಇಂಚಿನ ಮಡಿಕೆ ಪೈಪಿಗೆ. ಕೆಳಗಿನ ಮಡಿಕೆಯಲ್ಲಿ ಅರ್ಧ ಇಂಚಿನ ಪೈಪು ತೂರಿಸಿದ್ದು ಭವನದ ಫ್ಯಾನುಗಳ ಸಲುವಾಗಿ; ಅದಿಲ್ಲದಿದ್ದರೆ ಪರದೆ ಹಾಯಿಯಾಗಿ ಉಬ್ಬಿ ಮದುಮಗನ ಬಾಸಿಂಗಕ್ಕೆ ಬಡಿಯುತ್ತಿತ್ತು. ಹರಿದ ಸಣ್ಣ ತೂತುಗಳ ಹಿಂದೆ ಖಣದ (ಕುಪ್ಪಸದ ಬಟ್ಟೆಯ) ತುಣುಕು ಇಟ್ಟು, ಅದರ ಮೇಲೆ ಕಸೂತಿಯ ಮುರ್ಗಿ ಹೊಲಿಗೆ ಹಾಕಿದಳು. ಕಸೂತಿಗೆ ಎಳೆ ಎಣಿಸಬೇಕು, ಸವೆದ ಬಟ್ಟೆಯಲ್ಲಿ ಎಣಿಸಲು ಎಳೆಯೇ ಇರುವುದಿಲ್ಲ. ಅದಕ್ಕೇ ಹಿಂದೆ ಖಣದ ಆಸರೆ.

ಸೆರಗುಗಳನ್ನು ಅಡ್ಡಡ್ಡ ಒಂದರ ಕೆಳಗೊಂದು ಜೋಡಿಸಿ ನಡುವಿನ ಪಟ್ಟಿ ಮಾಡಿದೆವು, ಮದುಮಕ್ಕಳು ಕೂಡುವ ಜಾಗದ ಬೆನ್ನಿಗೆ. ಎಲ್ಲವೂ ಕೆಂಪೇ, ಆದರೆ ಒಂದು ಕೆಂಪಿನಂತೆ ಇನ್ನೊಂದಿಲ್ಲ. ಬಿಳೀ ಹಲ್ಲಿನ ವಿನ್ಯಾಸ ಎಲ್ಲಕ್ಕೂ ಇದ್ದುದರಿಂದ ಹೊಂದಿಕೊಂಡಿತು. ಬೆಳಕಿಗೆ ಎಲ್‌ಇಡಿ ಫ್ಲಡ್ ಬಾಡಿಗೆಗೆ ತಂದೆವು. ಹ್ಯಾಲೋಜನ್ ಕೊಡಲು ಬಂದಿದ್ದರು, ವಾಪಸು ಕಳಿಸಿದೆ. ಒಣ ಹತ್ತಿಯ ಪರದೆಯ ಹತ್ತಿರ ಅಷ್ಟು ಕಾಯುವ ದೀಪ ಇಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ನಮ್ಮ ಪದ್ಧತಿಯಲ್ಲಿ ಹೋಮವಿಲ್ಲ, ಪಂಚಕಳಸ ಇಡುತ್ತೇವೆ. ನಿಮ್ಮಲ್ಲಿ ಹೋಮವಿದ್ದರೆ ಬಟ್ಟೆಯ ಪರದೆಯನ್ನು ಕುಂಡದಿಂದ ದೂರ ಸರಿಸಿಯೇ ಅಳತೆ ಹಾಕಿ.

ಆಯೇರಿ ಜಂಪರ್ ಪೀಸಿನ ಮೋಕ್ಷ

ನಮ್ಮ ಕಡೆಯ ಲಗ್ನಗಳಲ್ಲಿ ಆಯೇರಿ (ಉಡುಗೊರೆ) ಮಾಡಿದ ಜಂಪರ್ ಪೀಸುಗಳು, ಅಂದರೆ ಕುಪ್ಪಸದ ಬಟ್ಟೆಗಳು, ಯಾರ ಮೈಮೇಲೂ ಏರುವುದಿಲ್ಲ. ಮುಧೋಳದಲ್ಲಿ ಬಂದದ್ದು ಜಮಖಂಡಿಗೆ ಹೋಗುತ್ತದೆ, ಅಲ್ಲಿಂದ ಬೀಳಗಿಗೆ, ಕಡೆಗೊಮ್ಮೆ ಕೊಟ್ಟವರ ಮನೆಗೇ ತಿರುಗಿ ಬರುತ್ತದೆ. ಅವ್ವನ ಟ್ರಂಕಿನಲ್ಲಿ ಇಂಥವು ಒಂದು ಗಂಟಿದ್ದವು. ಅವುಗಳ ತಿರುಗಾಟ ನಿಲ್ಲಿಸಿ ತೋರಣ ಮಾಡಿದೆವು.

ಒಂದು ಪೀಸಿನಲ್ಲಿ 9 ಇಂಚಿನ ಚೌಕ ಒಂಬತ್ತು ಬರುತ್ತವೆ. ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಸಿದರೆ ತ್ರಿಕೋನ, ಅದರ ಉದ್ದದ ಬದಿ ಪೌಣೇ ಹದಿಮೂರು ಇಂಚಿನಷ್ಟು. ಒಂದರ ಪಕ್ಕ ಒಂದಿಟ್ಟು ನವಾರದ ಪಟ್ಟಿಗೆ ಹೊಲಿದರೆ ಒಂದು ಪೀಸಿಗೆ ಒಂಬತ್ತೂವರೆ ಅಡಿ ತೋರಣ. ಇದು ಮಶೀನಿನ ಕೆಲಸ, ಬೇಗ ಆಗುತ್ತದೆ. ಪಾಲಿಸ್ಟರ್ ಪೀಸಿನ ಅಂಚು ಬಿಚ್ಚದಂತೆ ಊದುಬತ್ತಿಯ ಕಿಡಿ ತಾಗಿಸಿದರೆ ಸಾಕು. ಹತ್ತಿಗೆ ಅದು ನಡೆಯದು, ಮಡಿಸಿ ಹೊಲಿಯಬೇಕು.

ಗಂಟಿನಲ್ಲಿ ನಿಜವಾದ ಗುಳೇದಗುಡ್ಡ ಖಣವೂ ಕೆಲವು ಸಿಕ್ಕವು, ತೇರಿನ ಬುಟ್ಟಾದ್ದು, ಆನೆಹೆಜ್ಜೆಯದು. ಅವುಗಳಿಗೆ ಕತ್ತರಿ ಹಾಕಬಾರದೆಂದು ಮನೆಯ ಹೆಂಗಸರೆಲ್ಲ ಒಂದಾದರು. ಖಣದ ಅಂಗಡಿಗಳಲ್ಲಿ ತ್ರಿಕೋನ ಮಡಿಸಿ ಇಟ್ಟಿರುತ್ತಾರಲ್ಲ, ಹಾಗೇ ಮಡಿಸಿ ಬಾಗಿಲ ಮೇಲೆ ಸಾಲಾಗಿ ಪಿನ್ನು ಮಾಡಿದೆವು. ಹೊರಡುವಾಗ ಪಿನ್ನು ತೆಗೆದು ಒಂದೊಂದನ್ನು ಬೀಗರ ಕಡೆಯ ಹಿರಿಯ ಹೆಣ್ಣುಮಕ್ಕಳ ಉಡಿಗೆ ಹಾಕಿದ್ದಾಯಿತು.

ಕೂಡುವ ಸೋಫಾ

ವರ್ಗವಾಗಿ ಹೋಗುತ್ತಿದ್ದ ನೌಕರರೊಬ್ಬರು ಮನೆ ಸಾಮಾನು ಮಾರುತ್ತಿದ್ದರು. ಅದರಲ್ಲೊಂದು ಇಬ್ಬರು ಕೂಡುವ ಸಾಗವಾನಿ ಸೋಫಾ. ಬೆತ್ತದ ಹೆಣಿಗೆ ಪೂರ್ತಿ ಕುಸಿದಿತ್ತು, ಒಂದು ಕೈ ಅಲುಗಾಡುತ್ತಿತ್ತು. 3,500 ರೂಪಾಯಿ. ಕಾಲುಗಳ ತಳಕ್ಕೆ ಸ್ಕ್ರೂ ಡ್ರೈವರ್ ಚುಚ್ಚಿ ನೋಡಿದೆ; ಒರಲಿ ಹಿಡಿದಿದ್ದರೆ ಒಳಗೆ ಇಳಿದುಬಿಡುತ್ತದೆ, ಇದು ಇಳಿಯಲಿಲ್ಲ. ಸೋಫಾ ಎತ್ತಿ ನೆಲಕ್ಕೆ ಕುಟ್ಟಿದಾಗ ಹಿಟ್ಟಿನಂಥ ಪುಡಿಯೂ ಬೀಳಲಿಲ್ಲ. ಅಷ್ಟು ಸಾಕು, ಉಳಿದದ್ದೆಲ್ಲ ರಿಪೇರಿಯಾಗುವಂಥದ್ದು.

ಸಡಿಲಾದ ಕೀಲನ್ನು ಬಿಚ್ಚಿದಾಗ ಒಳಗೆ ಹಳೇ ಸರೇಸಿನ ಕಂದು ಪದರು. ಫೆವಿಕಾಲು ಕಟ್ಟಿಗೆಗೆ ಹಿಡಿಯುತ್ತದೆ, ಹಳೇ ಅಂಟಿಗೆ ಹಿಡಿಯುವುದಿಲ್ಲ. ಬಿಸಿನೀರಿನ ಬಟ್ಟೆ ಇಟ್ಟು ಮೆತ್ತಗಾದ ಮೇಲೆ ಕೆರೆದು, ಕಟ್ಟಿಗೆ ಪೂರ್ತಿ ಒಣಗಿಸಿ, ಆಮೇಲೆ ಅಂಟು. ಕ್ಲಾಂಪಿನ ಬದಲು ಹಗ್ಗ ಎರಡು ಸುತ್ತು ಸುತ್ತಿ ನಡುವೆ ಕೋಲು ತೂರಿಸಿ ತಿರುವಿದರೆ ಬೇಕಾದಷ್ಟು ಬಿಗಿ ಬರುತ್ತದೆ. ಕೋಲನ್ನು ಕಾಲಿಗೆ ಒರಗಿಸಿ ಕಟ್ಟಿ ರಾತ್ರಿ ಬಿಡಬೇಕು.

ಪಾಲಿಷಿಗೆ ಮೊದಲು ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಹಾಕಿ ನೋಡಿದೆ. ಅಂಟಂಟಾಯಿತು, ಅಂದರೆ ಹಳೆಯದು ಅರಗಿನ ಪಾಲಿಷು. ಹಾಗಿದ್ದರೆ ಕೆರೆದು ತೆಗೆಯುವ ಕಷ್ಟವಿಲ್ಲ. ಸ್ಪಿರಿಟ್ಟಿನಲ್ಲಿ ಅರಗಿನ ಚಕ್ಕೆ ನೆನೆಹಾಕಿ, ಹತ್ತಿಯ ಉಂಡೆಗೆ ಬಟ್ಟೆ ಸುತ್ತಿ ತೆಳುವಾಗಿ ಒರೆಸುತ್ತ ಹೋದರೆ ಹೊಸ ಪದರು ಹಳೆಯದರಲ್ಲಿ ಕರಗಿ ಕೂಡಿಕೊಳ್ಳುತ್ತದೆ. ಮೋಡ ಮುಸುಕಿದ ದಿನ ಇದನ್ನು ಮಾಡಬೇಡಿ, ತೇವಕ್ಕೆ ಪಾಲಿಷು ಬೆಳ್ಳಗಾಗುತ್ತದೆ.

ಬೆತ್ತ ಹೆಣೆಸಲು ಕೇಳಿದ ಕೂಲಿ ಸೋಫಾದ ಬೆಲೆಗಿಂತ ಹೆಚ್ಚಾಯಿತು. ನವಾರ ಹಾಕಿದೆವು. ಮಂಚಕ್ಕೆ ಹೆಣೆಯುವ ಹತ್ತಿಯ ನವಾರವೇ. ಮೊದಲು ಉದ್ದಕ್ಕೆ ಎಳೆದು ತಾಮ್ರದ ತಲೆಯ ಮೊಳೆ ಹೊಡೆದು, ಆಮೇಲೆ ಅಡ್ಡ ಪಟ್ಟಿಗಳನ್ನು ಒಂದು ಬಿಟ್ಟು ಒಂದು ತೂರಿಸುವುದು. ಕೈಲಾದಷ್ಟು ಬಿಗಿ ಎಳೆಯಬೇಕು, ನವಾರ ಕೂತವರ ಭಾರಕ್ಕೆ ಹೇಗೂ ಸಡಿಲಾಗುತ್ತದೆ. ತಂಗಿ ಬಂದು ಕೂತು ನೋಡಿ, "ಅಣ್ಣಾ, ಮಹಾರಾಜಾ ಕುರ್ಚಿಗಿಂತ ಇದ ಚೊಲೋ, ಕಾಲು ನೆಲಕ್ಕ ಮುಟ್ಟತಾವು" ಅಂದಳು.

ಕಲಾಯಿ, ಬೋರಮಾಳ

ತಂಗಿಗೆ ಕೊಡುವ ಭಾಂಡೆಯಲ್ಲಿ ಹಿತ್ತಾಳೆಯ ಎರಡು ಪಾತ್ರೆ ಆಯಿಯ (ಅಜ್ಜಿಯ) ಕಾಲದವು. ಹೊರಗೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದರೆ ಬೆಳಗುತ್ತವೆ. ಒಳಗೆ ಕಲಾಯಿ ಸವೆದು ಹಿತ್ತಾಳೆ ಕಾಣುತ್ತಿದ್ದರೆ ಅದರಲ್ಲಿ ಹುಳಿ ಅಡುಗೆ ಮಾಡುವಂತಿಲ್ಲ, ಹುಳಿಗೆ ತಾಮ್ರದ ಅಂಶ ಬಿಟ್ಟು ಕಿಲುಬು ಬರುತ್ತದೆ. ಕಲಾಯಿ ಹಾಕುವ ಚಾಚಾ ಈಗ ಹಳೇ ಊರಿನ ಕಡೆ ಅಪರೂಪಕ್ಕೆ ಸಿಗುತ್ತಾರೆ. ಆಲಮಟ್ಟಿ ಹಿನ್ನೀರಿಗೆ ಊರಿನ ತಗ್ಗು ಭಾಗ ಖಾಲಿಯಾಗಿ ಮಂದಿ ನವನಗರಕ್ಕೆ ಬಂದ ಮೇಲೆ ಇಂಥ ಕಸುಬಿನವರ ವಿಳಾಸ ಕೇಳಿಕೊಂಡೇ ಹೋಗಬೇಕು.

ತಿದಿ ಒತ್ತಿ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿದರೆ ಬಿಳೀ ಹೊಗೆ ಏಳುತ್ತದೆ. ಅದು ಲೋಹದ ಮೇಲಿನ ಮಲಿನವನ್ನು ತೆಗೆಯುವುದಕ್ಕೆ. ಆಗ ತವರದ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಸರ್ರನೆ ಒರೆಸುವುದು. ತವರ 232 ಡಿಗ್ರಿಗೆ ಕರಗುತ್ತದೆ, ಆದ್ದರಿಂದ ಕಲಾಯಿ ಪಾತ್ರೆಯನ್ನು ಬರಿದೇ ಒಲೆಯ ಮೇಲಿಟ್ಟು ಮರೆತರೆ ಕಲಾಯಿ ಕರಗಿ ಕೂಡುತ್ತದೆ. ಮುಖ್ಯ ಮಾತು: ಶುದ್ಧ ತವರವೇ ಇರಲೆಂದು ಮೊದಲೇ ಹೇಳಿ. ಬೆಸುಗೆಯ ಕಡ್ಡಿಯಲ್ಲಿ ಸೀಸ ಇರುತ್ತದೆ, ಅದು ಅಡುಗೆ ಪಾತ್ರೆಗೆ ವಿಷ. ಪಂಚಕಳಸದ ತಾಮ್ರದ ತಂಬಿಗೆಗಳಿಗೆ ಕಲಾಯಿ ಬೇಡ, ಅವಕ್ಕೆ ತಿಕ್ಕುವುದೇ ಸಾಕು.

ಆಯಿಯ ಬೋರಮಾಳವನ್ನು ಮುರಿಸಿ ಹೊಸ ಮಾದರಿ ಮಾಡಿಸೋಣ ಎಂದು ಮನೆಯಲ್ಲಿ ಒಂದು ಮಾತು ಎದ್ದಿತ್ತು. ಬೋರಮಾಳದ ಗುಂಡು ತೆಳು ಬಂಗಾರದ ತೊಗಟೆ, ಒಳಗೆ ಅರಗು. ಮುರಿಸಿದರೆ ಅರಗಿನ ತೂಕ ಕಳೆಯುತ್ತಾರೆ, ಕರಗಿಸಿದ್ದರಲ್ಲಿ ಕಳೆಯುತ್ತಾರೆ, ಹೊಸದಕ್ಕೆ ಮಜೂರಿ, ಅದರ ಮೇಲೆ ಜಿಎಸ್‌ಟಿ. ಪಟವೇಗಾರರ ಹತ್ತಿರ ಹೊಸ ರೇಷ್ಮೆ ದಾರದಲ್ಲಿ ಪೋಣಿಸಿಕೊಂಡು ಬಂದೆವು. ನಗ್ಗಿದ ಗುಂಡುಗಳನ್ನು ಹಿಂದೆ ಕೊರಳಿನ ಕಡೆಗೆ ಸರಿಸಿ ಕೊಟ್ಟರು. ಖರ್ಚು ಕೈತುಂಬ ಬಳೆ ಇಟ್ಟುಕೊಂಡಷ್ಟೂ ಆಗಲಿಲ್ಲ.

ಊಟದಲ್ಲಿ ಉಳಿಸಲು ನಾವು ಹೋಗಲಿಲ್ಲ. ಗೋದಿ ಹುಗ್ಗಿ, ಎಣ್ಣೆಗಾಯಿ, ರೊಟ್ಟಿ. ಕಡಕ್ ರೊಟ್ಟಿ ಕೆಡುವುದಿಲ್ಲವಾದ್ದರಿಂದ ಮುಂಚಿತವಾಗಿ ಲೆಕ್ಕ ಕೊಟ್ಟು ರೊಟ್ಟಿ ಮಾಡುವ ಹೆಣ್ಣುಮಕ್ಕಳಿಂದ ತರಿಸಿದೆವು. ಅಷ್ಟೇ ಉಪಾಯ.

ಲೆಕ್ಕ

ಸ್ಟೇಜಿಗೆ ಬಿದ್ದದ್ದು: ಪೈಪು 1,900, ಫಿಟ್ಟಿಂಗು 600, ಕೊಂಡ ಸೀರೆ 2,400, ಸೋಫಾ 3,500, ಅದರ ನವಾರ ಅಂಟು ಪಾಲಿಷಿಗೆ 1,300, ದಾರ ಮೊಳೆ ಇತ್ಯಾದಿ 300, ದೀಪದ ಬಾಡಿಗೆ 1,200, ಚೆಂಡು ಹೂವು ಸೇವಂತಿಗೆ 2,500. ಒಟ್ಟು 13,700 ರೂಪಾಯಿ. 42,000ದ ಎದುರು ಇದನ್ನಿಟ್ಟು ಬೀಗುವುದು ಸುಲಭ, ಆದರೆ ಇದರಲ್ಲಿ ನನ್ನ ಕೂಲಿ ಇಲ್ಲ, ಹೆಂಡತಿಯದಂತೂ ಇಲ್ಲವೇ ಇಲ್ಲ. ಅವಳ ಕೈಹೊಲಿಗೆಗೆ ಜಂಪರಿನ ರೇಟು ಹಚ್ಚಿದರೆ ಉಳಿತಾಯದ ದೊಡ್ಡ ಪಾಲು ಅವಳಿಗೇ ಸಲ್ಲಬೇಕು. ಲಗ್ನಸರಾಯಿಯಲ್ಲಿ ಹೊರಗಿನ ಹೊಲಿಗೆ ಕೈ ತುಂಬ ಇರುವವರು ಇದನ್ನು ಎಣಿಸಿಯೇ ಕೈ ಹಾಕಬೇಕು. ಅಗ್ಗ ಅನ್ನುವುದು ಸಾಮಾನಿಗೆ ಮಾತ್ರ.

ನಂತರದ್ದು. ಸೋಫಾ ತಂಗಿಯ ಮನೆಗೆ ಗೋಕಾಕಿಗೆ ಹೋಯಿತು. ಪರದೆಯ ಟಾಕಿಯನ್ನು ಒಂದೇ ದಾರ ಹಿಡಿದು ಎಳೆದು ಬಿಚ್ಚಿ, ಪಟ್ಟಿಗಳಿಂದ ಕೌದಿ ಹೊಲಿಯಲು ಅವ್ವ ಓಣಿಯ ಹೆಂಗಸರನ್ನು ಕೂಡಿಸಿಕೊಂಡಳು. ಸವೆದ ಮೈ ಒಳಪದರಿಗೆ, ದಡಿ ಸುತ್ತಲೂ, ಸೆರಗು ನಡುವೆ, ಮೂಲೆಗಳಿಗೆ ತೋರಣದ ತ್ರಿಕೋನ. ಹೊರಗಿನ ಅಂಚಿನಿಂದ ಸುತ್ತುತ್ತ ಒಳಗೆ ಹೊಲಿಯುತ್ತ ಬಂದು, ಕಡೆಯ ಬಾಯಿ ಮುಚ್ಚುವ ಮೊದಲು ಒಂದು ರೊಟ್ಟಿ ಚೂರು ಒಳಗಿಟ್ಟಳು, ಕೌದಿ ಹಸಿದುಕೊಂಡಿರಬಾರದಂತೆ. ಇರುವೆ ಬರುತ್ತವೆಂದು ಹೆಂಡತಿ ಗೊಣಗಿದಳು. "ಹೊಟ್ಟಿ ತುಂಬಿದ ಕೌದಿನ ಬೆಚ್ಚಗ ಇರತೈತಿ, ಸುಮ್ನಿರ" ಅಂದು ಅವ್ವ ಗಂಟು ಹಾಕಿದಳು. ಇರುವೆ ಇನ್ನೂ ಬಂದಿಲ್ಲ.

ಪೈಪಿನ ಚೌಕಟ್ಟು ಮಾಳಿಗೆಯ ಮೇಲೆ ಹೀರೇಕಾಯಿ ಬಳ್ಳಿಗೆ ಹಂದರವಾಗಿದೆ. ಹುನಗುಂದದ ಚಿಗವ್ವನ ಮಗನ ಲಗ್ನಕ್ಕೆ ಬೇಕೆಂದು ಈಗಾಗಲೇ ಕೇಳಿದ್ದಾರೆ. ಕೊಡುತ್ತೇನೆ, ಬಳ್ಳಿಯ ಕಾಯಿ ಮುಗಿದ ಮೇಲೆ. ಯೂನಿಯನ್ನಿನ ನಟ್ಟು ಕಳೆದರೆ ಹೊಸದು ತರುವುದು ಅವರ ಜವಾಬ್ದಾರಿ, ಉಸುಕೂ ಅವರದೇ.